ಕೊನೆಯವರ ಚಹಾ

ನಮ್ಮ ಕಡೆಯವರಿಗೆ ಸಮುದ್ರವೆಂದರೆ ಅಂಕೋಲೆ, ಇಲ್ಲವೆ ಗೋಕರ್ಣ. ಲಿಂಗಸುಗೂರು ಬಿಟ್ಟು ಮುದಗಲ್, ಕುಷ್ಟಗಿ, ಗಜೇಂದ್ರಗಡ, ಗದಗ, ಹುಬ್ಬಳ್ಳಿ. ಅಲ್ಲಿಂದ ಮುಂದೆ ಕಲಘಟಗಿ, ಯಲ್ಲಾಪುರ. ಆಮೇಲೆ ಅರಬೈಲ್ ಘಟ್ಟ ಇಳಿದು ಅಂಕೋಲೆ. ಮುನ್ನೂರು ಕಿಲೋಮೀಟರಿಗೂ ಹೆಚ್ಚಿನ ಹಾದಿ. ಎರೆಹೊಲದ ಸೀಮೆಯಿಂದ ಹೊರಟವರಿಗೆ ಸಮುದ್ರದ ಮಾತು ಹಾಗಿರಲಿ, ಕಲಘಟಗಿ ದಾಟಿದ ಮೇಲೆ ಕಾಣುವ ಕಾಡೇ ಒಂದು ಬೆರಗು. ನಮ್ಮಲ್ಲಿ ಬಹಳ ಜನ ಈ ಹಾದಿಯನ್ನು ರಾತ್ರಿ ಬಸ್ಸಿನಲ್ಲಿ ತೂಕಡಿಸುತ್ತ ಕಳೆದವರು. 2024ರ ಡಿಸೆಂಬರಿನಲ್ಲಿ ನಮ್ಮ ಸುತ್ತಿನ ಊರುಗಳ ಹನ್ನೊಂದು ಜನ ಇದನ್ನು ನಾಲ್ಕು ದಿನ ಸೈಕಲ್ ತುಳಿದು ಮುಗಿಸಿ ಬಂದರು. ಅವರಲ್ಲಿ ಮೂವರು ಹೆಂಗಸರು. ಒಬ್ಬಳು ಸಂತೆಕಲ್ಲೂರಿನಲ್ಲಿ ನನ್ನ ಜೊತೆ ಪಾಠ ಹೇಳುವ ವಿಜ್ಞಾನದ ಟೀಚರು. ಹೆಸರು ಹಾಕಬೇಡಿರಿ ಅಂದಿದ್ದಾಳೆ.

ಮೂವತ್ತು ದಾಟಿದವಳು. 2006–07ರಲ್ಲಿ ಸರ್ಕಾರ ಎಂಟನೆಯ ತರಗತಿಗೆ ಸೈಕಲ್ ಹಂಚಲು ತೊಡಗಿದಾಗ ಅದನ್ನು ಪಡೆದ ಮೊದಲ ಹುಡುಗಿಯರಲ್ಲಿ ಅವಳೂ ಇದ್ದಳು. ಆದರೆ ಊರಿಂದ ಶಾಲೆಗೆ ತುಳಿಯುವುದು ಬೇರೆ, ದಿನಕ್ಕೆ ಎಪ್ಪತ್ತೆಂಬತ್ತು ಕಿಲೋಮೀಟರು ತುಳಿಯುವುದು ಬೇರೆ. ಎರಡು ದಿನ ಬಯಲು ಸೀಮೆ, ಹಿಂದಿನಿಂದ ಮೂಡುಗಾಳಿ, ಹೇಗೋ ಸಾಗಿತು. ಮೂರನೆಯ ದಿನ ಹುಬ್ಬಳ್ಳಿ ಬಿಟ್ಟ ಮೇಲೆ ಏರುತಗ್ಗುಗಳು ಶುರುವಾದವು. ಇವಳು ಹಿಂದೆ ಬಿದ್ದಳು.

ಮುಂದಾಳು ಸಂಭಾವಿತ ಮನುಷ್ಯ. "ಟೀಚರ್, ನಿಮಗ ಎಷ್ಟು ಆಗ್ತದ ಅಷ್ಟು ತುಳೀರಿ. ನಾವು ಮುಂದಿನ ಚಾದಂಗಡ್ಯಾಗ ಕಾಯ್ತೀವಿ" ಅಂದ. ಅಂದಂತೆ ಕಾದರು ಕೂಡ. ಇವಳು ಹೋಗಿ ಮುಟ್ಟುವಷ್ಟರಲ್ಲಿ ಅವರೆಲ್ಲ ಚಹಾ ಕುಡಿದು, ಮಿರ್ಚಿ ತಿಂದು, ಕಾಲು ಚಾಚಿ ದಣಿವಾರಿಸಿಕೊಂಡು ಇಪ್ಪತ್ತು ನಿಮಿಷವಾಗಿರುತ್ತಿತ್ತು. ಇವಳು ಸೈಕಲ್ ನಿಲ್ಲಿಸಿದ ಕೂಡಲೆ "ಬಂದ್ರಲ್ಲ, ನಡೀರಿ ಹೊಂಡೂಣು" ಎಂದು ಎಲ್ಲರೂ ಏಳುತ್ತಿದ್ದರು. ಇವಳ ಚಹಾ ಇನ್ನೂ ಗ್ಲಾಸಿನಲ್ಲಿ ಸುಡುತ್ತಿರುತ್ತಿತ್ತು.

"ಎಲ್ಲಾರಕ್ಕಿಂತ ಹೆಚ್ಚು ದಣಿದಾಕಿ ನಾನು. ಎಲ್ಲಾರಕ್ಕಿಂತ ಕಡಿಮಿ ಕುಂತಾಕಿನೂ ನಾನ ನೋಡ್ರಿ, ಮೇಡಂ" ಎಂದು ನಗುತ್ತಲೇ ಹೇಳಿದಳು.

ವಿಜ್ಞಾನ ಹೇಳುವವಳಲ್ಲವೆ, ಲೆಕ್ಕ ಸರಿಯಾಗಿಯೇ ಹಾಕಿದ್ದಾಳೆ. ಇಲ್ಲಿ ಕೆಟ್ಟವರು ಯಾರೂ ಇಲ್ಲ. ಬಿಟ್ಟು ಹೋಗಲಿಲ್ಲ, ಬೈಯಲಿಲ್ಲ, ಹೇಳಿದ ಜಾಗದಲ್ಲಿ ಕಾದರು. ಆದರೂ ಆ ಕಾಯುವಿಕೆಯ ಲಾಭವೆಲ್ಲ ಕಾದವರಿಗೇ ಹೋಯಿತು. ವಿಶ್ರಾಂತಿ ಬೇಕಾದವಳಿಗೆ ಸಿಕ್ಕಿದ್ದು, ತನಗಾಗಿ ಕಾದರು ಎಂಬ ಋಣ ಮಾತ್ರ. ಹಾಗಾದರೆ ಒಬ್ಬರಿಗಾಗಿ ಕಾಯುವುದು ಎಂದರೆ ಏನು? ಅವರು ಬಂದು ಮುಟ್ಟುವವರೆಗೆ ಕಾಯುವುದೋ, ಮುಟ್ಟಿದ ಮೇಲೂ ಕಾಯುವುದೋ?

ನಮ್ಮ ಮನೆಗಳ ಊಟದ ಹೊತ್ತನ್ನು ನೋಡಿ. ಕಡೆಯ ರೊಟ್ಟಿ ಬೇಯಿಸಿ, ಹಂಚು ಇಳಿಸಿ, ಹೆಂಗಸು ತನ್ನ ತಾಟು ಹಾಕಿಕೊಂಡು ಕೂಡುವಾಗ ಉಳಿದವರು ಮಜ್ಜಿಗೆಗೆ ಬಂದಿರುತ್ತಾರೆ. ಇತ್ತೀಚೆಗೆ ಗಂಡಸರೂ ಸುಧಾರಿಸಿದ್ದಾರೆ, "ನೀನೂ ಬಾ, ಕೂಡಿ ಉಣ್ಣೋಣ" ಅನ್ನುತ್ತಾರೆ, ಕಾಯುತ್ತಾರೆ ಕೂಡ. ಆದರೆ ಅವಳು ಎರಡು ತುತ್ತು ತಿನ್ನುವಷ್ಟರಲ್ಲಿ ಅವರ ಕೈ ತೊಳೆದಾಗಿರುತ್ತದೆ. ಹತ್ತು ನಿಮಿಷದಲ್ಲಿ ಉಂಡೇಳುವುದನ್ನು ನಾವು ಒಂದು ಗುಣವೆಂದೇ ಕಲಿತುಬಿಟ್ಟಿದ್ದೇವೆ. ತರಗತಿಯಲ್ಲಿ ಬೋರ್ಡಿನ ಮೇಲಿನದನ್ನು ನಿಧಾನವಾಗಿ ಬರೆದುಕೊಳ್ಳುವ ಮಗುವಿನ ಪಾಡೂ ಇದೇ. ಅದು ಪೂರ್ಣವಿರಾಮ ಇಟ್ಟು ತಲೆಯೆತ್ತುವಾಗ ಬೋರ್ಡು ಒರೆಸಿ ಮುಂದಿನ ಪಾಠ ಶುರುವಾಗಿರುತ್ತದೆ. ಬೇಗ ಬರೆದ ಮಕ್ಕಳಿಗೆ ಆಟದ ಹೊತ್ತು ಸಿಕ್ಕಿತು, ಇದಕ್ಕೆ ಏನೂ ಇಲ್ಲ.

ಆ ಸಂಜೆ ಯಲ್ಲಾಪುರದಲ್ಲಿ ಇವಳು ಒಂದು ತೀರ್ಮಾನಕ್ಕೆ ಬಂದಿದ್ದಳು. ಸಾಮಾನು ಹೊತ್ತ ಟೆಂಪೋ ಒಂದು ಅವರ ಹಿಂದೆ ಬರುತ್ತಿತ್ತು. ನಾಳೆ ಸೈಕಲನ್ನು ಅದರಲ್ಲಿ ಹಾಕಿ ತಾನೂ ಕೂತುಬಿಡುವುದೆಂದು. "ನನ್ನಿಂದ ಎಲ್ಲಾರಿಗೂ ತ್ರಾಸು." ಜೊತೆಗಿದ್ದ ಮತ್ತೊಬ್ಬಾಕೆ ಐವತ್ತರ ಆಸುಪಾಸಿನ ನರ್ಸು. ಆಕೆ ಅಂದದ್ದು ಇಷ್ಟು: "ತ್ರಾಸು ಆಗಿದ್ರ ಅವರು ಹೇಳ್ಲಿ. ಅವರು ಹೇಳೂಕಿಂತ ಮೊದಲ ನೀ ಯಾಕ ಇಳೀತಿ, ತಂಗಿ?"

ಈ ಮಾತನ್ನು ನಮ್ಮ ಅನೇಕ ಅಕ್ಕತಂಗಿಯರ ಕಿವಿಯಲ್ಲಿ ಹೇಳಬೇಕೆನ್ನಿಸುತ್ತದೆ. ಕಾಯುವುದು ನಮಗೆ ಗೊತ್ತು. ಗಂಡನಿಗೆ, ಮಕ್ಕಳಿಗೆ, ನಳದ ನೀರಿಗೆ, ಪಗಾರಕ್ಕೆ ಕಾದು ಕಾದು ಅದರಲ್ಲಿ ನಾವು ಪಳಗಿದವರು. ನಮಗೆ ಬಾರದ್ದು ಕಾಯಿಸಿಕೊಳ್ಳುವುದು. ಒಬ್ಬರು ನಮಗಾಗಿ ಐದು ನಿಮಿಷ ನಿಂತರೆ ಮೈಯೆಲ್ಲ ಮುಳ್ಳು. "ನೀವು ಹೋಗಿಬರ್ರಿ, ನಾನು ಮನಿ ನೋಡ್ಕೋತೀನಿ" ಅನ್ನುವ ಮಾತಿನಲ್ಲಿ ಎಷ್ಟು ಪ್ರವಾಸಗಳು, ಎಷ್ಟು ಜಾತ್ರೆಗಳು ಮುಳುಗಿಹೋದವೋ! ಅದನ್ನು ವಿನಯ ಅನ್ನುತ್ತಾರೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಎದುರಿನವರು ಒಳ್ಳೆಯವರಾಗಿರಲಾರರು ಎಂದು ಮೊದಲೇ ತೀರ್ಪು ಕೊಟ್ಟು, ಒಳ್ಳೆಯವರಾಗುವ ಅವಕಾಶವನ್ನೇ ಅವರಿಂದ ಕಸಿದುಕೊಳ್ಳುವುದೂ ಅದರಲ್ಲಿ ಸೇರಿದೆ.

ಗುಂಪು ಯಾರ ವೇಗದಲ್ಲಿ ಹೋಗಬೇಕು ಎಂಬುದು ಹಳೆಯ ಜಗಳ. 1897ರಲ್ಲಿ ಇಟಲಿಯ ಹನ್ನೆರಡು ಜನ ರೋಮಿನಿಂದ ಸಮುದ್ರ ತೀರದ ನೇಪಲ್ಸಿಗೆ, ಸುಮಾರು 230 ಕಿಲೋಮೀಟರನ್ನು, ಒಂದೇ ಹಗಲಿನಲ್ಲಿ ಸೈಕಲ್ ತುಳಿಯಲು ಹೊರಟರು. ಅಂಥ ಸವಾರರಿಗೆ 'ಆಡಾಕ್ಸ್' ಎಂಬ ಹೆಸರು ಬಂತು; ದಿಟ್ಟರು ಎಂದು ಅರ್ಥ. 1904ರಲ್ಲಿ ಫ್ರಾನ್ಸಿನಲ್ಲಿ ಆನ್ರಿ ದೆಗ್ರಾಂಜ್ ಎಂಬಾತ ಅದಕ್ಕೆ ಕಟ್ಟಳೆ ಮಾಡಿದ. ಎಲ್ಲರೂ ಒಂದೇ ಗುಂಪಾಗಿ, ಗೊತ್ತುಪಡಿಸಿದ ಒಂದೇ ವೇಗದಲ್ಲಿ ಹೋಗಬೇಕು. ಮುಂದೆ ಒಬ್ಬ ನಾಯಕ, ಅವನನ್ನು ಯಾರೂ ದಾಟುವಂತಿಲ್ಲ. 1921ರಲ್ಲಿ ಪ್ಯಾರಿಸಿನ ಕ್ಲಬ್ಬಿಗೂ ಅವನಿಗೂ ಒಡಕು ಬಂತು. ಕ್ಲಬ್ಬಿನವರು ಬೇರೆ ಬಗೆಯ ಸವಾರಿ ಶುರುಮಾಡಿದರು: ಹೊತ್ತಿನ ಮಿತಿಯೊಂದಿರಲಿ, ಅದರೊಳಗೆ ಅವರವರ ವೇಗ ಅವರವರಿಗೆ. ಈಗ ನಮ್ಮ ದೇಶದ ಊರುಗಳಲ್ಲೂ ನಡೆಯುವುದು ಈ ಎರಡನೆಯದು. 200 ಕಿಲೋಮೀಟರಿಗೆ ಹದಿಮೂರೂವರೆ ತಾಸು.

ಎರಡನೆಯ ಕಟ್ಟಳೆ ಮೇಲ್ನೋಟಕ್ಕೆ ನ್ಯಾಯವಾಗಿ ಕಾಣುತ್ತದೆ. ಆದರೆ ಅವರವರ ವೇಗ ಅವರವರಿಗೆ ಎಂದ ಮೇಲೆ ಗುಂಪು ಯಾಕೆ? ಮೊದಲನೆಯದರಲ್ಲಿ ಎಲ್ಲರೂ ಕೂಡಿಯೇ ಹೋಗುತ್ತಾರೆ ನಿಜ. ಆ 'ಒಂದೇ ವೇಗ' ಯಾರ ಕಾಲಿನ ಅಳತೆಯದು ಎಂದು ಮಾತ್ರ ಕೇಳಬೇಕಾಗುತ್ತದೆ.

ನಮ್ಮಲ್ಲಿ ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುವವರನ್ನು ನೀವೂ ಕಂಡಿರಬಹುದು. ನಲ್ಲಮಲದ ಕಾಡು, ಭೀಮನಕೊಳ್ಳದ ಇಳಿತ, ಮತ್ತೆ ಕೈಲಾಸ ದ್ವಾರದ ಏರು. ಎಪ್ಪತ್ತರ ಮುದುಕಿಯೂ ನಡೆಯುತ್ತಾಳೆ, ಇಪ್ಪತ್ತರ ಹುಡುಗನೂ ನಡೆಯುತ್ತಾನೆ. ಅಲ್ಲಿ ಕೊನೆಯವರು ಯಾರೆಂದು ಯಾರೂ ಎಣಿಸುವುದಿಲ್ಲ. ಕಾರಣ ಸುಲಭ: ಹಾದಿಯುದ್ದಕ್ಕೂ ದಾಸೋಹ. ಮುದುಕಿ ಯಾವಾಗ ಬಂದರೂ ಅವಳಿಗೆ ಅಂಬಲಿ ಉಂಟು, ಕಾಲು ತಿಕ್ಕುವವರೂ ಉಂಟು. ಮೊದಲು ಬಂದವನು ಎದ್ದು ಹೋದನೆಂದು ಯಾರೂ ಒಲೆ ಆರಿಸುವುದಿಲ್ಲ.

ಸೈಕಲ್ಲಿನವರಿಗೆ ಆ ಅನುಕೂಲವಿಲ್ಲ. ಮುಂದಾಳಿನ ಕಷ್ಟವನ್ನೂ ನೋಡಬೇಕು. ಡಿಸೆಂಬರಿನಲ್ಲಿ ಆರೂಕಾಲಿಗೆಲ್ಲ ಹೊತ್ತು ಮುಳುಗುತ್ತದೆ. ಅರಬೈಲ್ ಘಟ್ಟದಲ್ಲಿ ಲಾರಿಗಳ ಸಾಲು. 2010ರವರೆಗೆ ಬೇಲೆಕೇರಿ ಬಂದರಿಗೆ ಅದಿರು ಹೊತ್ತ ಲಾರಿಗಳು ಈ ರಸ್ತೆಯನ್ನು ಅರೆದದ್ದು ನಮ್ಮ ಸೀಮೆಯವರಿಗೆ ಮರೆತಿಲ್ಲ. ಅದಿರು ನಿಂತರೂ ಲಾರಿ ನಿಂತಿಲ್ಲ. ಕತ್ತಲಾದ ಮೇಲೆ ಆ ತಿರುವುಗಳಲ್ಲಿ ಒಬ್ಬಳಿಗಾಗಿ ಹತ್ತು ಜನರನ್ನು ಅಪಾಯಕ್ಕೆ ಒಡ್ಡುವುದು ಕರುಣೆಯೂ ಅಲ್ಲ. ಇನ್ನೊಂದು ಸಂಗತಿ ಅವಳೇ ಹೇಳಿದಳು: ಕಸುವುಳ್ಳವನಿಗೆ ತೀರ ನಿಧಾನ ತುಳಿಯುವುದೂ ಹಿಂಸೆ, ಸೈಕಲ್ ವಾಲಾಡುತ್ತದೆ.

ನಾಲ್ಕನೆಯ ದಿನ ಬೆಳಿಗ್ಗೆ ಮುಂದಾಳು ಬಂದು "ಇವತ್ತು ನೀವು ಮುಂದ, ಟೀಚರ್" ಅಂದ. ನರ್ಸಮ್ಮ ರಾತ್ರಿ ಏನು ಹೇಳಿದ್ದಳೋ ಗೊತ್ತಿಲ್ಲ. ನಮ್ಮಪ್ಪ ಹೇಳುತ್ತಿದ್ದದ್ದು ನನಗೆ ನೆನಪಾಯಿತು: ಹತ್ತು ಬಂಡಿ ಕೂಡಿ ಜಾತ್ರೆಗೆ ಹೊರಟರೆ ಬಡಕಲು ಎತ್ತಿನ ಬಂಡಿಯನ್ನು ಮುಂದೆ ಬಿಡುತ್ತಿದ್ದರಂತೆ. ಹಿಂದೆ ಬಿಟ್ಟರೆ ಮುಂದಿನವನ್ನು ಮುಟ್ಟಲು ಎತ್ತು ಓಡಿ ಓಡಿ ಬಳಲುತ್ತದೆ. ಇವಳಿಗೂ ಹಾಗೇ ಆಯಿತು. ಬೆನ್ನಟ್ಟುವ ಅವಸರ ತಪ್ಪಿದ ಮೇಲೆ ಅರ್ಧ ದಣಿವೇ ಇರಲಿಲ್ಲವಂತೆ. ಘಟ್ಟದ ಇಳಿತಕ್ಕೂ ಅದು ಒಳ್ಳೆಯದಾಯಿತು. ಏರಿನಲ್ಲಿ ಕಸುವುಳ್ಳವರು ಮುಂದಾದರೆ ಇಳಿಜಾರಿನಲ್ಲಿ ಹುಂಬರು ಮುಂದಾಗುತ್ತಾರೆ. ಇವಳು ಬ್ರೇಕು ಹಿಡಿದು ಇಳಿದಂತೆ ಹಿಂದಿನವರೂ ಇಳಿಯಬೇಕಾಯಿತು.

ಎಲ್ಲರೂ ಅಲ್ಲ. ಒಬ್ಬ ಹುಡುಗ ಗೊಣಗುತ್ತ ಗೊಣಗುತ್ತ ಕೊನೆಗೆ ದಾಟಿ ಹೋಗಿಯೇಬಿಟ್ಟ. ಅವನನ್ನು ಸ್ವಾರ್ಥಿ ಅನ್ನಲು ನನ್ನ ನಾಲಿಗೆ ಸಿದ್ಧವಾಗಿತ್ತು. ಆದರೆ ಒಂದೂವರೆ ತಾಸು ಮೊದಲು ಅಂಕೋಲೆ ಮುಟ್ಟಿದ ಅವನೇ ರೂಮು ಹಿಡಿದು, ಹನ್ನೊಂದು ಜನಕ್ಕೆ ಮೀನೂಟ, ಸಸ್ಯದೂಟ ಬೇರೆಬೇರೆ ಹೇಳಿಟ್ಟಿದ್ದನಂತೆ. ಇಂಥವನನ್ನು ಯಾವ ತಕ್ಕಡಿಯಲ್ಲಿ ತೂಗುವುದು?

ಘಟ್ಟ ಮುಗಿದು ಸಮತಟ್ಟು ರಸ್ತೆಗೆ ಬಂದಾಗ ಮಧ್ಯಾಹ್ನ. ಕಡಲ ಕಡೆಯಿಂದ ಎದುರುಗಾಳಿ ಎದ್ದಿತು. ಸೈಕಲ್ಲಿನಲ್ಲಿ ಗಾಳಿಯೇ ದೊಡ್ಡ ಹೊರೆ; ಮುಂದಿನವರ ಬೆನ್ನಿಗೆ ಹತ್ತಿಕೊಂಡು ತುಳಿದರೆ ಕಾಲುಭಾಗದಷ್ಟಾದರೂ ಶ್ರಮ ಉಳಿಯುತ್ತದೆ. ಯಾರೂ ಹೇಳದೆ ಇಬ್ಬರು ಗಂಡಸರು ಇವಳನ್ನು ದಾಟಿ ಮುಂದೆ ಬಂದು ಗಾಳಿಗೆ ಎದೆಯೊಡ್ಡಿದರು. ಏರಿನಲ್ಲಿ ಮುಂದೆ ಬಿಟ್ಟವರೇ ಗಾಳಿಯಲ್ಲಿ ಹಿಂದೆ ಹಾಕಿಕೊಂಡರು. ಅವತ್ತಿನ ಅಷ್ಟೂ ಹಾದಿಯಲ್ಲಿ ತನಗೆ ಬಹಳ ಹಿಡಿಸಿದ್ದು ಇದೇ ಎಂದಳು, ಸಮುದ್ರಕ್ಕಿಂತಲೂ. ಸಮುದ್ರದ ಬಗ್ಗೆ ಅವಳು ಹೇಳಿದ್ದು ಎರಡೇ ಮಾತು: ದೊಡ್ಡದು ಅದ, ಕಾಲು ತೊಳಕೊಂಡ್ವಿ.

ಮತ್ತೆ ಹೊರಡುವ ಮಾತು ನಡೆದಿದೆ. ಈ ಸಲ ಹೆಂಗಸರು ಆರು ಜನ ಆಗಬಹುದು. ಎಲ್ಲರಿಗಿಂತ ಹಿಂದೆ, ಕೊನೆಯವರ ಜೊತೆಗೆ ತುಳಿಯುವ ಕೆಲಸ ತನಗಿರಲಿ ಎಂದು ಇವಳು ಕೇಳಿಕೊಂಡಿದ್ದಾಳೆ. ಜೊತೆಗೆ ಒಂದು ಕರಾರು ಹಾಕಿ ಮುಂದಾಳಿನಿಂದ ಒಪ್ಪಿಗೆ ಪಡೆದಿದ್ದಾಳೆ. ಚಹಾಕ್ಕೆ ನಿಂತಲ್ಲಿ ಹೊತ್ತು ಎಣಿಸುವುದು ಕೊನೆಯವರು ಬಂದು ಕೂತ ಮೇಲೆ, ಹದಿನೈದು ನಿಮಿಷ. ಅವನು ಹತ್ತು ಸಾಕು ಅಂದನಂತೆ. ಇವಳು ಬಿಟ್ಟಿಲ್ಲ.