ಯಥಾರ್ಹದಂಡ

ಆರೋಪಿಯು ದೋಷಿಯೆಂದು ಸಾರಿದ ಮಾತ್ರಕ್ಕೆ ನ್ಯಾಯಾಧೀಶರ ಹೊಣೆ ತೀರುವುದಿಲ್ಲ. ಶಿಕ್ಷೆಯ ಪ್ರಮಾಣವನ್ನು ಕುರಿತು ಆತನ ಮಾತನ್ನು ಪ್ರತ್ಯೇಕವಾಗಿ ಆಲಿಸಬೇಕೆಂದು 1973ರ ದಂಡ ಪ್ರಕ್ರಿಯಾ ಸಂಹಿತೆಯು ವಿಧಿಸಿತು, ಅದರ ಸ್ಥಾನಕ್ಕೆ ಬಂದಿರುವ ಹೊಸ ಸಂಹಿತೆಯೂ ಆ ಕ್ರಮವನ್ನು ಉಳಿಸಿಕೊಂಡಿದೆ. ಮನೆಯಲ್ಲಿ ವೃದ್ಧೆಯಾದ ತಾಯಿಯಿದ್ದಾಳೆ, ಮಕ್ಕಳು ಇನ್ನೂ ಚಿಕ್ಕವರು, ದುಡಿದು ಹಾಕುವವನು ತಾನೊಬ್ಬನೇ ಎಂದು ಕಟಕಟೆಯಲ್ಲಿ ನಿಂತವನು ಆಗ ಬೇಡಿಕೊಳ್ಳುತ್ತಾನೆ. ಈ ಮಾತುಗಳಲ್ಲಿ ಶಿಕ್ಷೆಯನ್ನು ನ್ಯಾಯವಾಗಿ ತಗ್ಗಿಸಬಲ್ಲುದು ಯಾವುದು, ಕೇವಲ ಕನಿಕರವನ್ನು ಹುಟ್ಟಿಸುವುದು ಯಾವುದು ಎಂಬ ವಿವೇಚನೆಯಲ್ಲಿಯೇ ಯಥಾರ್ಹದಂಡವೆಂಬ ತತ್ತ್ವದ ತಿರುಳು ಅಡಗಿದೆ.

ತೀಕ್ಷ್ಣದಂಡದಿಂದ ಪ್ರಜೆಗಳಲ್ಲಿ ಉದ್ವೇಗವೂ ಮೃದುದಂಡದಿಂದ ತಿರಸ್ಕಾರವೂ ಹುಟ್ಟುವುವೆಂದೂ, ಅಪರಾಧಕ್ಕೆ ತಕ್ಕ ದಂಡವನ್ನು ವಿಧಿಸುವವನೇ ಪೂಜ್ಯನೆಂದೂ ಕೌಟಿಲ್ಯನು ಬೋಧಿಸಿದನು. ಆದರೆ ಅದೇ ಅರ್ಥಶಾಸ್ತ್ರವು ಅನೇಕ ಅಪರಾಧಗಳಿಗೆ ವರ್ಣವನ್ನನುಸರಿಸಿ ದಂಡವನ್ನು ಏರಿಳಿಸಿತೆಂಬುದನ್ನು ಮುಚ್ಚಿಡಲಾಗದು. ಪಾಶ್ಚಾತ್ಯರಲ್ಲಿ ಕಾಂಟನು ದಂಡದ ಆಧಾರವನ್ನು ನಡೆದುಹೋದ ಕೃತ್ಯದಲ್ಲಿ ಕಂಡನು. ಬೆಂಥಮನಾದರೋ ಮುಂದೆ ತಪ್ಪಬಹುದಾದ ಕೇಡಿನಲ್ಲಿ ಕಂಡನು.

ಯಥಾರ್ಹದಂಡದ ತತ್ತ್ವವು ಗ್ರಂಥದಿಂದಿಳಿದು ನ್ಯಾಯಪೀಠದೆದುರು ಹೇಗೆ ಪರೀಕ್ಷೆಗೊಳಗಾಗುತ್ತದೆಂಬುದಕ್ಕೆ ನಮ್ಮ ನಾಡಿನದೇ ಮೊಕದ್ದಮೆಯೊಂದುಂಟು. ಅತ್ಯಾಚಾರಕ್ಕೆ ಕನಿಷ್ಠ 7 ವರ್ಷ, ಬಲಿಯಾದವಳು 12 ವರ್ಷದೊಳಗಿನ ಬಾಲೆಯಾದರೆ 10 ವರ್ಷ ಎಂದು 1983ರ ತಿದ್ದುಪಡಿಯು ಗೊತ್ತುಪಡಿಸಿದರೂ, ವಿಶೇಷ ಕಾರಣಗಳನ್ನು ತೀರ್ಪಿನಲ್ಲಿ ಬರೆದು ಅದಕ್ಕಿಂತ ಕಡಿಮೆ ಮಾಡುವ ಅವಕಾಶವನ್ನು ಉಳಿಸಿತ್ತು. ಎಳೆಯ ಬಾಲಕಿಯ ಮೇಲೆ ಅತ್ಯಾಚಾರವೆಸಗಿದವನೊಬ್ಬನು ನಿರಕ್ಷರಿ, ದುರ್ಬಲ ವರ್ಗದವನು, ಕುಡಿತಕ್ಕೆ ದಾಸನಾದವನು, ಕುಟುಂಬವನ್ನು ಸಾಕಬೇಕಾದವನು ಎಂಬ ಕಾರಣಗಳಿಂದ ಕರ್ನಾಟಕ ಉಚ್ಚ ನ್ಯಾಯಾಲಯವು 10 ವರ್ಷಗಳ ಕಠಿಣ ಶಿಕ್ಷೆಯನ್ನು 4 ವರ್ಷಕ್ಕಿಳಿಸಿತು. ರಾಜ್ಯವು ಮೇಲ್ಮನವಿ ಸಲ್ಲಿಸಲಾಗಿ, ಸರ್ವೋಚ್ಚ ನ್ಯಾಯಾಲಯವು 2000ದಲ್ಲಿ ಅಪರಾಧಿಯ ಅಥವಾ ನೊಂದವಳ ಜಾತಿ, ಮತ, ಆರ್ಥಿಕ ಸ್ಥಿತಿಗಳು ಇಲ್ಲಿ ಗಣನೆಗೆ ಬಾರವೆಂದು ಹೇಳಿ ಮೊದಲಿನ ಶಿಕ್ಷೆಯನ್ನೇ ಎತ್ತಿಹಿಡಿಯಿತು. ಇದು ನಿಷ್ಕರುಣೆಯಲ್ಲವೆಂದೇ ನನ್ನ ದೃಢವಾದ ಅಭಿಪ್ರಾಯ. ಕುಡಿದಿದ್ದನೆಂಬುದರಿಂದ ಆ ಮಗುವಿಗಾದ ಘಾತವು ಎಳ್ಳಷ್ಟೂ ಕಿರಿದಾಗಲಿಲ್ಲ. ಬಡವನೆಂಬುದರಿಂದ ಮಾಡಿದ್ದರ ಅರಿವು ಅವನಿಗಿಲ್ಲದೆ ಹೋಗಲಿಲ್ಲ. ಬಡತನವನ್ನೇ ಇಂಥ ಕೃತ್ಯಕ್ಕೆ ಸಮಾಧಾನವೆಂದು ಒಪ್ಪಿದರೆ ಮಾನವಾಗಿ ಬಾಳುವ ಅಸಂಖ್ಯ ಬಡವರಿಗೆ ಅಪಚಾರವೆಸಗಿದಂತಾಗುವುದು.

2013ರಲ್ಲಿ ಶಾಸಕಾಂಗವು ವಿಶೇಷ ಕಾರಣಗಳಿಂದ ಶಿಕ್ಷೆಯನ್ನು ಕನಿಷ್ಠಕ್ಕಿಂತ ಇಳಿಸುವ ಆ ಅವಕಾಶವನ್ನೇ ತೆಗೆದುಹಾಕಿತು. 2018ರಲ್ಲಿ ಅತ್ಯಾಚಾರದ ಸಾಮಾನ್ಯ ಕನಿಷ್ಠ ಶಿಕ್ಷೆಯನ್ನು 10 ವರ್ಷಕ್ಕೇರಿಸಿತು. ಮನಬಂದಂತೆ ತೋರುವ ದಯೆಗೆ ಇದರಿಂದ ಅಂಕೆ ಬಿದ್ದುದು ನಿಜ. ಹಾಗೆಂದು ಅಪರಾಧಿಯ ಬಾಳನ್ನು ನೋಡಲೇಬಾರದೆಂದಲ್ಲ: ಮರಣದಂಡನೆಯು ಅಪರೂಪದಲ್ಲಿ ಅಪರೂಪವಾದ ಪ್ರಕರಣಗಳಿಗಷ್ಟೇ ಸಲ್ಲತಕ್ಕದ್ದೆಂದ 1980ರ ಬಚನ್ ಸಿಂಗ್ ತೀರ್ಪು, ಕೃತ್ಯದೊಡನೆ ಕರ್ತೃವನ್ನೂ ತೂಗಬೇಕೆಂದಿತು, ಆತನು ತಿದ್ದಿಕೊಳ್ಳಲಾರನೆಂದು ಸಿದ್ಧಪಡಿಸುವ ಭಾರವನ್ನು ಸರ್ಕಾರದ ಮೇಲೆ ಹೊರಿಸಿತು. ಆ ಭಾರವನ್ನು ಹೊರುವುದಕ್ಕೆ ಸೆರೆಮನೆಯ ನಡತೆಯ ವರದಿ, ಮನೋವೈದ್ಯರ ಪರೀಕ್ಷೆ, ಬೆಳೆದ ಮನೆಯ ವೃತ್ತಾಂತ ಇವು ವಿಚಾರಣಾ ನ್ಯಾಯಾಲಯದ ಮುಂದೆಯೇ ಬರಬೇಕೆಂದು ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿದ್ದು 2022ರಲ್ಲಿ; ಅಷ್ಟು ದೀರ್ಘಕಾಲ ಇಂಥ ಸಾಮಗ್ರಿಯಿಲ್ಲದೆಯೇ ಒಬ್ಬನ ಪ್ರಾಣದ ಪ್ರಶ್ನೆ ಇತ್ಯರ್ಥವಾಗಬಹುದಾಗಿತ್ತೆಂಬುದು ನನಗೆ ಇಂದಿಗೂ ಅಸಹನೀಯವಾಗಿ ತೋರುತ್ತದೆ.