ಮೂರನೆಯ ಪುರುಷಾರ್ಥ

ಕಾಯಿಲೆಯವರ ಮನೆಗೆ ಹೋದವರು ಏನೇನೋ ಕೇಳುತ್ತಾರೆ. ಊಟ ಸೇರುತ್ತದೆಯೆ, ನಿದ್ದೆ ಬರುತ್ತದೆಯೆ, ಖರ್ಚು ಎಷ್ಟಾಯಿತು. ಕೇಳಬಾರದುದನ್ನು ಕೇಳುವುದೂ ಉಂಟು. ಆದರೆ ಸ್ತನದ ಕ್ಯಾನ್ಸರಿಗೆ ಚಿಕಿತ್ಸೆ ಪಡೆದು ಬಂದ ಹೆಂಗಸನ್ನು ಅವಳ ದಾಂಪತ್ಯಸುಖ ಏನಾಯಿತೆಂದು ಯಾರೂ ಕೇಳುವುದಿಲ್ಲ. ನೆಂಟರಿಷ್ಟರು ಕೇಳದಿರುವುದೇ ಸರಿ. ಕೇಳಲೇಬೇಕಾದ ವೈದ್ಯರೂ ಗಂಡನೂ ಸುಮ್ಮನಿದ್ದರೆ ಅದನ್ನು ಮರ್ಯಾದೆ ಎನ್ನಬೇಕೆ, ಅನ್ಯಾಯ ಎನ್ನಬೇಕೆ?

ನಾನು ಕನ್ನಡ ಪಾಠ ಹೇಳುವವಳು. ಹಳಗನ್ನಡ ಕಾವ್ಯಗಳಲ್ಲಿ ಸ್ತ್ರೀವರ್ಣನೆ ಬಂದರೆ ಕವಿಗೆ ಸಂಕೋಚವೇ ಇಲ್ಲ. ಕುಚ, ಪಯೋಧರ, ಮೊಲೆ ಎಂದು ಮಾತಿಗೆ ಬರವಿಲ್ಲ. ಹುಡುಗರು ತಲೆ ತಗ್ಗಿಸಿ ಮುಸಿಮುಸಿ ನಗುತ್ತಾರೆ, ನಾನು ಅನ್ವಯಾರ್ಥ ಹೇಳಿ ಮುಂದಿನ ಪದ್ಯಕ್ಕೆ ಹೋಗುತ್ತೇನೆ. ಆದರೆ ಅದೆಲ್ಲ ನೋಡುವವನ ಮಾತು. ಆ ದೇಹವನ್ನು ಹೊತ್ತವಳು ವೈದ್ಯರ ಮುಂದೆ ಕುಳಿತಾಗ ‘ಎದೆಯಲ್ಲಿ ಗಂಟು’ ಎಂದಷ್ಟೇ ಹೇಳಬಲ್ಲಳು. ಹೊಟ್ಟೆಗಿಂತ ಕೆಳಗಿನ ನೋವಿಗಂತೂ ಅವಳಲ್ಲಿ ಮಾತೇ ಇಲ್ಲ. ಇರುವುವು ಒಂದೋ ಬೈಗುಳ, ಇಲ್ಲವೆ ಸಂಸ್ಕೃತ.

ನಮ್ಮ ದೇಶದ ಹೆಂಗಸರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಇದೇ. 2022ರ ಅಂದಾಜಿನಂತೆ ಆ ಒಂದು ವರ್ಷದಲ್ಲಿ ಹೊಸದಾಗಿ ಇದಕ್ಕೆ ತುತ್ತಾದವರು ಸುಮಾರು 1 ಲಕ್ಷ 92 ಸಾವಿರ ಮಂದಿ. ಇವರಲ್ಲಿ ಅನೇಕರಿಗೆ ಚಿಕಿತ್ಸೆಯಿಂದ ಅಂಡಾಶಯದ ಕೆಲಸ ಕುಂದಿ, ವಯಸ್ಸಿಗೆ ಮುಂಚೆಯೇ ಮುಟ್ಟು ನಿಲ್ಲುತ್ತದೆ. ಹಾರ್ಮೋನಿನ ಆಸರೆಯಿಂದ ಬೆಳೆಯುವ ಗಂಟಾದರೆ ಟಮಾಕ್ಸಿಫೆನ್, ಲೆಟ್ರೊಜೋಲ್‌ನಂಥ ಮಾತ್ರೆಗಳನ್ನು 5 ವರ್ಷ, ಕೆಲವರು 10 ವರ್ಷ ನುಂಗಬೇಕು. ಲೆಟ್ರೊಜೋಲ್ ಜಾತಿಯ ಮಾತ್ರೆ ದೇಹದ ಈಸ್ಟ್ರೊಜನ್ನನ್ನು ಬಹುಮಟ್ಟಿಗೆ ಬತ್ತಿಸಿಬಿಡುತ್ತದೆ. ಯೋನಿ ಒಣಗಿ, ಅದರ ಒಳಪದರ ತೆಳುವಾಗಿ, ಕೂಡುವುದೆಂದರೆ ನೋವು ಎಂಬಂತಾಗುತ್ತದೆ; ಆಸೆಯೂ ಇಂಗಬಹುದು. ಸ್ತನವನ್ನು ಮತ್ತೆ ಕಟ್ಟಿಕೊಟ್ಟರೂ ಮೊದಲಿನ ಸ್ಪರ್ಶಜ್ಞಾನ ಬರುವುದು ಅಪರೂಪ.

ನನ್ನ ದೊಡ್ಡಮ್ಮನ ಮಗಳಿಗೆ ಇದೆಲ್ಲ ಆಯಿತು. ‘ಹೆಸರು ಹಾಕಬೇಡ, ವಿಷಯ ಬರಿ ಕಣೆ’ ಎಂದು ಅವಳೇ ಹೇಳಿರುವುದರಿಂದ ಬರೆಯುತ್ತಿದ್ದೇನೆ. ಆಪರೇಷನ್ ಆದ ಮೇಲೆ, ಅವಳ ಕೈಗೆ ಎಲ್ಲಿ ತಗಲೀತೋ ಎಂದು ಭಾವ ಹಾಸಿಗೆಯನ್ನು ನಡುಮನೆಗೆ ಹಾಕಿಕೊಂಡರು. ಅವರಿಗೆ ಅಸಹ್ಯವಾಗಿದೆ ಎಂದು ಇವಳು ತಿಳಿದಳು. ಕೇಳಿದರೆ ನೊಂದಾಳು ಎಂದು ಅವರು ಕೇಳಲಿಲ್ಲ. ಕೇಳಿದರೆ ನಾಚಿಕೆಗೇಡು ಎಂದು ಇವಳು ಕೇಳಲಿಲ್ಲ. ಹದಿನೆಂಟು ತಿಂಗಳು ಹೀಗೆ. ಒಮ್ಮೆ ಧೈರ್ಯಮಾಡಿ ವೈದ್ಯರ ಹತ್ತಿರ ಪ್ರಸ್ತಾಪಿಸಿದರೆ, ‘ಜೀವ ಉಳಿಯಿತಲ್ಲಮ್ಮ, ಇನ್ನೇನು ಬೇಕು?’ ಎಂದರಂತೆ.

ಈ ಮಾತನ್ನೇ ನಾನು ವಿಚಾರಿಸಬೇಕೆಂದಿರುವುದು. ಮೇಲ್ನೋಟಕ್ಕೆ ಸಮಾಧಾನದ ಮಾತು. ಒಳಗೆ, ಬದುಕಿದವಳು ಕೃತಜ್ಞತೆಯಿಂದ ಬಾಯಿ ಮುಚ್ಚಿಕೊಂಡಿರಬೇಕು ಎಂಬ ಕಟ್ಟಳೆ. ಅಮೆರಿಕದ ಹಾಲ್‌ಸ್ಟೆಡ್ 1894ರಲ್ಲಿ ಪ್ರಕಟಿಸಿದ ಕ್ರಮದಂತೆ ಸ್ತನ, ಅದರಡಿಯ ಸ್ನಾಯು, ಕಂಕುಳಿನ ಗ್ರಂಥಿ ಎಲ್ಲವನ್ನೂ ತೆಗೆಯುವುದು ದಶಕಗಳ ಕಾಲ ನಡೆಯಿತು. ಅಷ್ಟನ್ನೂ ತೆಗೆಯಬೇಕೆ ಎಂದವರಿಗೆ ಆಗಲೂ ಜೀವದ ಮಾತೇ ಉತ್ತರ. ಇಟಲಿಯ ವೆರೊನೇಸಿ 1981ರಲ್ಲಿ, ಅಮೆರಿಕದ ಫಿಶರ್ 1985ರಲ್ಲಿ, ಗಂಟು ಚಿಕ್ಕದಿದ್ದಾಗ ಅದನ್ನೂ ಸುತ್ತಲಿನಷ್ಟನ್ನೂ ತೆಗೆದು ವಿಕಿರಣ ಕೊಟ್ಟರೂ ಆಯುಸ್ಸು ಕಡಿಮೆಯಾಗದೆಂದು ಪರೀಕ್ಷೆಯಿಂದ ತೋರಿಸಿದರು. ‘ಇನ್ನೇನು ಬೇಕು’ ಎಂಬ ಮಾತಿಗೆ ತೃಪ್ತರಾಗಿದ್ದರೆ ಆ ಪರೀಕ್ಷೆ ನಡೆಯುತ್ತಲೇ ಇರಲಿಲ್ಲ.

ನಮ್ಮ ಹಿರಿಯರು ಧರ್ಮ, ಅರ್ಥ, ಮೋಕ್ಷಗಳ ಜೊತೆಗೆ ಕಾಮವನ್ನೂ ಎಣಿಸಿದರು. ಪುರುಷಾರ್ಥವೆಂದರೆ ಗಂಡಸಿನ ಅರ್ಥವಲ್ಲ, ಮನುಷ್ಯ ಬಯಸತಕ್ಕದ್ದು. ಆರೋಗ್ಯವಂತರಿಗೆ ನಾಲ್ಕು, ರೋಗಿಗೆ ಮೂರು ಎಂದು ಯಾರು ಬರೆದರು? ಹಾಗೆಂದು, ಗಂಡನ ಸುಖಕ್ಕಾಗಿ ಅವಳು ಬೇಗ ಸಜ್ಜಾಗಬೇಕೆಂದು ಇದನ್ನು ತಿರುಗಿಸುವವರಿದ್ದಾರೆ. ಅಂಥವರಿಗಿಂತ ಆ ವೈದ್ಯರೇ ವಾಸಿ. ಬೇಡವೆನ್ನುವುದೂ ಅವಳಿಗೆ ಸೇರಿದ್ದೆ. ಆದರೆ ಬೇಡವೆನ್ನುವುದಕ್ಕೂ ನೋವಿಗೆ ಹೆದರಿ ದೂರವಿರುವುದಕ್ಕೂ ವ್ಯತ್ಯಾಸ ಬಹಳ.

ಮುಂದೆ ಬೇರೊಬ್ಬ ವೈದ್ಯೆ ಅಕ್ಕನಿಗೆ ಹೇಳಿದುದು ಗಹನವಾದುದೇನಲ್ಲ. ಹಾರ್ಮೋನಿಲ್ಲದ, ತೇವ ಉಳಿಸುವ ಜೆಲ್ಲುಗಳು ಔಷಧದಂಗಡಿಯಲ್ಲೇ ಸಿಗುತ್ತವೆ. ಸಾಲದಿದ್ದರೆ ಕ್ಯಾನ್ಸರ್ ವೈದ್ಯರ ಸಲಹೆಯಿಂದ ಬೇರೆ ಉಪಾಯಗಳಿವೆ. ಈ ರೋಗ ಮುಟ್ಟಿದರೆ ಅಂಟದು, ಕೂಡಿದರೆ ಮರುಕಳಿಸದು. ಚಿಕಿತ್ಸೆ ನಡೆದಿರುವಾಗ ಬಸಿರಾಗಕೂಡದು. ಅದಕ್ಕೆ ಹಾರ್ಮೋನಿನ ಗುಳಿಗೆ ಸಲ್ಲದು, ಕಾಂಡೋಮೋ ಕಾಪರ್-ಟಿಯೋ ಆಗಬೇಕು. ಹಾಸಿಗೆ ನಡುಮನೆಯಿಂದ ಒಳಗೆ ಬಂದದ್ದು ಆಮೇಲೆ. ಅದಕ್ಕೂ ಮುಂಚೆ ಒಂದು ರಾತ್ರಿ ಇಬ್ಬರೂ ಅತ್ತರಂತೆ.

ಕಿಮೊಥೆರಪಿಗೆ ಮುಂಚೆ ಅವಳ ಕೈಗೆ ಕೊಟ್ಟ ಹಾಳೆಯನ್ನು ನೋಡಿದೆ. ವಾಂತಿ, ಬಾಯಿಹುಣ್ಣು, ಕೂದಲುದುರುವುದು ಎಲ್ಲ ಇತ್ತು, ಇದೊಂದಿರಲಿಲ್ಲ. ಅಲ್ಲಿಯೇ ಇದನ್ನೂ ಅಚ್ಚುಹಾಕಿಸಿ, ನರ್ಸಮ್ಮನವರು ಬಾಗಿಲು ಮುಂದೆ ಮಾಡಿ ಮೊದಲು ಅವಳೊಬ್ಬಳಿಗೆ, ಅವಳು ಒಪ್ಪಿದರೆ ಗಂಡನಿಗೂ ಓದಿ ಹೇಳಿದರೆ ಐದು ನಿಮಿಷ ಹಿಡಿದೀತು.