ಕುಳಿತು ಲೆಕ್ಕ ಹಾಕಿ

ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚು ಲೆಕ್ಕ ಹಾಕಬೇಕು, ಅರ್ಧಕ್ಕೆ ನಿಂತರೆ ಕಂಡವರು ನಗುತ್ತಾರೆ ಎಂದು ಯೇಸುಸ್ವಾಮಿ ಎಚ್ಚರಿಸಿದ್ದು ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿದೆ. ನಮ್ಮ ಮುಂಡಾಜೆಯ ಮಕ್ಕಳು ಗಲ್ಫಿಗೆ ಹೊರಡುವಾಗಲೂ ಲೆಕ್ಕ ಬೇಕು.

"ವಿಸಿಟ್ ವೀಸಾದಲ್ಲಿ ಹೋಗು, ಉಳಿದದ್ದು ಅಲ್ಲಿ ನೋಡೋಣ" ಎನ್ನುವ ಏಜೆಂಟರನ್ನು ನಂಬಬೇಡಿ. ನೋಂದಾಯಿತ ಏಜೆಂಟರ ಸೇವಾಶುಲ್ಕ 30,000 ರೂಪಾಯಿ ಮತ್ತು ತೆರಿಗೆಯನ್ನು ಮೀರುವಂತಿಲ್ಲ. ಹತ್ತನೇ ತರಗತಿ ಪಾಸಾಗದವರು ದುಡಿಯಲು ಹೋಗಬೇಕಾದರೆ ಸರಕಾರದ ವಲಸೆ ಅನುಮತಿ ಬೇಕು; ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯೂ ಕಡ್ಡಾಯ. ಎರಡು ವರ್ಷಕ್ಕೆ ಕಂತು 275 ರೂಪಾಯಿ ಮತ್ತು ತೆರಿಗೆ. ಅಪಘಾತದಲ್ಲಿ ಸತ್ತರೆ ಮನೆಯವರಿಗೆ 10 ಲಕ್ಷ, ಆಸ್ಪತ್ರೆ ಖರ್ಚಿಗೆ 1 ಲಕ್ಷದವರೆಗೆ. (ಬೈಕಿಗೆ ತಪ್ಪದೆ ವಿಮೆ ಮಾಡಿಸುವವರು ನಾವು!)

ಇಷ್ಟೆಲ್ಲ ವಿಚಾರಿಸಿದರೆ "ಹೆದರುಪುಕ್ಕಲ" ಎಂದು ನೆಂಟರೇ ಆಡಿಕೊಂಡಾರು. ಆಡಲಿ. ಅವರ ಬಾಯಿಗೆ ಅಂಜಿ ಅಮ್ಮನ ಬಂಗಾರ ಅಡವಿಡಬೇಡಿ. ವಿಮೆ, ಕರಾರುಪತ್ರಗಳ ಪ್ರತಿ ಮನೆಯ ಕಪಾಟಿನಲ್ಲಿಟ್ಟೇ ಹೊರಡಿ.